ಮೋಟನ್ ಹೈಸ್ಕೂಲು: ಮಕ್ಕಳು ಹೂಡಿದ ಮುಷ್ಕರ, ಕೌಂಟಿ ಹಾಕಿದ ಬೀಗ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಪ್ರಿನ್ಸ್ ಎಡ್ವರ್ಡ್ ಅನ್ನೋ ಕೌಂಟಿ ಇದೆ, ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ತಂಬಾಕು ಬೆಳೆಯುವ ಸೀಮೆ. ಅದರ ಮುಖ್ಯ ಊರು ಫಾರ್ಮ್‌ವಿಲ್. 1939ರಲ್ಲಿ ಆ ಊರಿನಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಅಂತ ಒಂದು ಸರ್ಕಾರಿ ಹೈಸ್ಕೂಲಿನ ಕಟ್ಟಡ ಎದ್ದಿತು. ಹೆಸರು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲು. ಮೋಟನ್ ಬಾಲ್ಯ ಕಳೆದದ್ದು ಇದೇ ಕೌಂಟಿಯಲ್ಲಿ. ಮುಂದೆ ಅವರು ಬುಕರ್ ಟಿ. ವಾಷಿಂಗ್ಟನ್ ಅವರ ನಂತರ, ಕಪ್ಪು ಜನರ ಶಿಕ್ಷಣಕ್ಕೆ ಹೆಸರಾದ ಟಸ್ಕೀಗಿ ಸಂಸ್ಥೆಯ ಮುಖ್ಯಸ್ಥರಾದರು.

ಈ ಶಾಲೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ, ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಸರ್ಕಾರಿ ಶಾಲೆ ಕೂಡದು ಅಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಿಂದಕ್ಕೆ ಬರುತ್ತಾರೆ. ಬ್ರೌನ್ ಅನ್ನೋ ಆ ಪ್ರಕರಣದ ಐದು ಮೊಕದ್ದಮೆಗಳಲ್ಲಿ ಇದೂ ಒಂದು, ಮುಗೀತು. ನನಗೆ ಶಾಲೆಯೊಳಗಿಂದ ಶುರು ಮಾಡುವುದು ಸರಿ ಅನ್ನಿಸುತ್ತದೆ. ಯಾಕೆಂದರೆ 1951ರಲ್ಲಿ ಹೊಸ ಕಟ್ಟಡಕ್ಕಾಗಿ ಇಲ್ಲಿನ ಮಕ್ಕಳು ಹೂಡಿದ ಮುಷ್ಕರಕ್ಕೆ ಬೇಕಾದ ಸಲಕರಣೆಯೆಲ್ಲ ಶಾಲೆಯಲ್ಲೇ ಇತ್ತು. ಅಸೆಂಬ್ಲಿ, ಪ್ರಿನ್ಸಿಪಾಲರ ಚೀಟಿ, ವಿದ್ಯಾರ್ಥಿ ಸಂಘ, ಆಟದ ಮೈದಾನ. ಮಕ್ಕಳು ಅದನ್ನೇ ಬಳಸಿಕೊಂಡರು. ಎಂಟು ವರ್ಷ ಕಳೆದ ಮೇಲೆ ಕೌಂಟಿ ಕೊಟ್ಟ ಉತ್ತರವೂ ನೇರ ಶಾಲೆಯ ಮೇಲೇ ಬಿತ್ತು. ಶಾಲೆಯೇ ಇಲ್ಲದಂತೆ ಮಾಡಿತು.

ಷೆಡ್ಡುಗಳ ಶಾಲೆ

ಕಟ್ಟಡ ನೋಡಲು ಅಚ್ಚುಕಟ್ಟಾಗಿತ್ತು. ಇಟ್ಟಿಗೆ ಗೋಡೆ, ಒಂದೇ ಅಂತಸ್ತು. 180 ಮಕ್ಕಳಿಗೆ ಅಂತ ಲೆಕ್ಕ ಹಾಕಿ ಕಟ್ಟಿದ್ದು. ಹತ್ತು ವರ್ಷ ದಾಟುವುದರೊಳಗೆ ಅಲ್ಲಿ 450ಕ್ಕೂ ಜಾಸ್ತಿ ಮಕ್ಕಳು ಓದುತ್ತಿದ್ದರು. ಜಿಮ್ ಇಲ್ಲ, ಊಟದ ಹಾಲ್ ಇಲ್ಲ, ವಿಜ್ಞಾನದ ಲ್ಯಾಬ್ ಇಲ್ಲ. ಸಭಾಂಗಣ ಇತ್ತು, ಆದರೆ ಮಡಚುವ ಕುರ್ಚಿಗಳದ್ದು. ಅದೊಂದರಲ್ಲೇ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ತರಗತಿ ನಡೆಯುತ್ತಿದ್ದವು. ಒಂದು ಮೂಲೆಯಲ್ಲಿ ಇತಿಹಾಸ, ಇನ್ನೊಂದು ಮೂಲೆಯಲ್ಲಿ ಮತ್ತೇನೋ. ನಿಂತ ಸ್ಕೂಲ್ ಬಸ್ಸಿನೊಳಗೆ ಪಾಠ ಮಾಡಿದ್ದೂ ಉಂಟು.

ಅದೇ ಊರಿನ ಫಾರ್ಮ್‌ವಿಲ್ ಹೈಸ್ಕೂಲು ಬಿಳಿಯರ ಮಕ್ಕಳದ್ದು. ಅಲ್ಲಿ ಜಿಮ್ ಇತ್ತು, ಬಟ್ಟೆ ಬದಲಿಸುವ ಕೋಣೆ ಇತ್ತು, ಊಟದ ಹಾಲ್ ಇತ್ತು, ನೆಲಕ್ಕೆ ಕೂರಿಸಿದ ಕುರ್ಚಿಗಳ ಸಭಾಂಗಣ ಇತ್ತು. ಎರಡೂ ಸರ್ಕಾರಿ ಶಾಲೆಗಳೇ. ಎರಡೂ ಒಂದೇ ಶಾಲಾ ಮಂಡಳಿಯ ಕೈಕೆಳಗೆ. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಒಂದೇ ಶಾಲೆಯಲ್ಲಿ ಪಾಠ ಹೇಳಕೂಡದು ಅಂತ 1902ರ ವರ್ಜೀನಿಯಾ ಸಂವಿಧಾನವೇ ಬರೆದುಕೊಂಡಿತ್ತು. 1896ರಲ್ಲಿ ಸುಪ್ರೀಂ ಕೋರ್ಟು 'ಬೇರೆ ಬೇರೆ, ಆದರೆ ಸಮ' ಎಂದು ಒಪ್ಪಿಕೊಂಡಿದ್ದರಿಂದ ಅದಕ್ಕೆ ಕಾನೂನಿನ ರಕ್ಷಣೆಯೂ ಇತ್ತು. 'ಬೇರೆ' ಅನ್ನೋದನ್ನು ಚಾಚೂ ತಪ್ಪದೆ ಪಾಲಿಸಿದರು. 'ಸಮ' ಅನ್ನೋದನ್ನು ಕೇಳುವವರೇ ಇರಲಿಲ್ಲ.

ಮಕ್ಕಳ ಸಂಖ್ಯೆ ಏರಿದಾಗ ಪೋಷಕರು ಹೊಸ ಕಟ್ಟಡ ಕೇಳಿದರು. 1940ರ ದಶಕದ ಕೊನೆಗೆ ಮಂಡಳಿ ಕೊಟ್ಟದ್ದು ಮರದ ಷೆಡ್ಡುಗಳು. ಹೊರಗಡೆ ಡಾಂಬರು ಮೆತ್ತಿದ ಕಾಗದ ಹೊದಿಸಿದ್ದರು. ರಸ್ತೆಯಲ್ಲಿ ಹೋಗುವವರು ಕೋಳಿಗೂಡು ಅಂದುಕೊಳ್ಳುತ್ತಿದ್ದರಂತೆ. ಒಳಗೆ ಒಂದು ಒಲೆ. ಒಲೆಯ ಹತ್ತಿರ ಕೂತವರಿಗೆ ಮೈ ಸುಡುತ್ತಿತ್ತು, ದೂರ ಕೂತವರು ಕೋಟು ತೆಗೆಯುವಂತಿರಲಿಲ್ಲ. ಮಳೆ ಬಂದರೆ ಸೋರುತ್ತಿತ್ತು. ಬರೆಯುವಾಗ ಕೊಡೆ ಹಿಡಿದು ಕೂರಬೇಕಾಗುತ್ತಿತ್ತು ಅಂತ ಅಲ್ಲಿ ಓದಿದವರು ಮುಂದೆ ನೆನಪಿಸಿಕೊಂಡಿದ್ದಾರೆ. ಇತಿಹಾಸದ ಮೇಷ್ಟ್ರೇ ಬೆಳಗ್ಗೆ ಸ್ಕೂಲ್ ಬಸ್ಸು ಓಡಿಸಿಕೊಂಡು ಬಂದು, ಷೆಡ್ಡಿನ ಒಲೆ ಹೊತ್ತಿಸಿ, ಆಮೇಲೆ ಪಾಠಕ್ಕೆ ನಿಲ್ಲುತ್ತಿದ್ದರು. ಆ ಬಸ್ಸಾದರೂ ಬಿಳಿಯರ ಶಾಲೆ ಓಡಿಸಿ ಬಿಟ್ಟದ್ದು.

ಇಷ್ಟೇ ಹೇಳಿ ನಿಲ್ಲಿಸಿದರೆ ಶಾಲೆಯ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಕಟ್ಟಡ ಹಾಳಾಗಿತ್ತು, ಶಾಲೆ ಹಾಳಾಗಿರಲಿಲ್ಲ. ಓದಿದ ಕಪ್ಪು ಜನರಿಗೆ ಆ ಕಾಲದಲ್ಲಿ ತೆರೆದಿದ್ದ ಕೆಲಸಗಳೇ ಕಮ್ಮಿ, ಅದರಲ್ಲಿ ಮೇಷ್ಟ್ರ ಕೆಲಸ ಒಂದು. ಹಾಗಾಗಿ ಚೆನ್ನಾಗಿ ಓದಿಕೊಂಡವರು ಪಾಠ ಹೇಳಲು ಬರುತ್ತಿದ್ದರು. ಗಾಯನ ತಂಡ ಇತ್ತು, ನಾಟಕ ಇತ್ತು, ವಿದ್ಯಾರ್ಥಿ ಸಂಘಕ್ಕೆ ಚುನಾವಣೆ ಇತ್ತು. ಹಾಡಲು, ಸ್ಪರ್ಧೆಗೆ ಅಂತ ಮಕ್ಕಳು ಬೇರೆ ಊರಿನ ಶಾಲೆಗಳಿಗೂ ಹೋಗಿ ಬರುತ್ತಿದ್ದರು. ನನಗೆ ಇದು ಮುಖ್ಯ ಅನ್ನಿಸುವುದು ಎರಡು ಕಾರಣಕ್ಕೆ. ಒಂದು, ಬೇರೆ ಕಡೆಯ ಶಾಲೆ ಹೇಗಿದೆ ಅಂತ ಈ ಮಕ್ಕಳು ಕಣ್ಣಾರೆ ಕಂಡಿದ್ದರು. ಎರಡು, ವೇದಿಕೆ ಹತ್ತಿ ನಾಲ್ಕು ನೂರು ಜನರ ಮುಂದೆ ಮಾತಾಡುವುದು ಅವರಿಗೆ ಹೊಸದಾಗಿರಲಿಲ್ಲ.

ಒಬ್ಬ ಹುಡುಗಿ, ಒಂದು ಮಾತು

ಬಾರ್ಬರಾ ರೋಸ್ ಜಾನ್ಸ್ ಹುಟ್ಟಿದ್ದು 1935ರಲ್ಲಿ, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಹಳ್ಳಿಯಲ್ಲಿ. ದೊಡ್ಡಪ್ಪ ವರ್ನನ್ ಜಾನ್ಸ್ ಹೆಸರಾಂತ ಪಾದ್ರಿ, ಬಾಯಿಗೆ ಬೀಗ ಹಾಕಿಕೊಳ್ಳದ ಮನುಷ್ಯ. ಅಲಬಾಮಾದ ಮಾಂಟ್ಗೊಮರಿಯಲ್ಲಿ ಡೆಕ್ಸ್‌ಟರ್ ಅವೆನ್ಯೂ ಚರ್ಚನ್ನು ಮಾರ್ಟಿನ್ ಲೂಥರ್ ಕಿಂಗ್‌ಗಿಂತ ಮೊದಲು ನಡೆಸುತ್ತಿದ್ದವರು ಅವರೇ. ಬಾರ್ಬರಾ ಮಾತ್ರ ಮಾತು ಕಮ್ಮಿ, ಓದು ಜಾಸ್ತಿ ಅನ್ನೋ ಸ್ವಭಾವದವಳು.

ಒಂದು ದಿನ ಅವಳು ಸಂಗೀತದ ಟೀಚರ್ ಇನೆಜ್ ಡಾವೆನ್‌ಪೋರ್ಟ್ ಅವರ ಹತ್ತಿರ ಶಾಲೆಯ ಸ್ಥಿತಿಯ ಬಗ್ಗೆ ಗೊಣಗಿದಳು. ಟೀಚರ್ ಸುಮ್ನೆ ಒಂದು ಮಾತು ಕೇಳಿದರು: "ನೀನೇ ಯಾಕೆ ಏನಾದರೂ ಮಾಡಬಾರದು?" ಬಾರ್ಬರಾಗೆ ಮೊದಲು ಬೇಜಾರಾಯಿತಂತೆ, ನನ್ನ ಮಾತನ್ನು ತಳ್ಳಿಹಾಕಿದರು ಅಂತ. ಆಮೇಲೆ ಅದೇ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇನ್ನೊಂದು ದಿನ ಅವಳಿಗೆ ಸ್ಕೂಲ್ ಬಸ್ಸು ತಪ್ಪಿತು. ತಮ್ಮ ತಂಗಿಯರನ್ನು ಹೊರಡಿಸುವ ಗಡಿಬಿಡಿಯಲ್ಲಿ ತನ್ನ ಊಟ ಮರೆತು ಮನೆಗೆ ವಾಪಸ್ ಓಡಿದ್ದಳು. ರಸ್ತೆ ಬದಿಯಲ್ಲಿ ಕಾಯುತ್ತಾ ನಿಂತಿದ್ದಾಗ ಬಿಳಿಯರ ಶಾಲೆಯ ಬಸ್ಸು ಅರ್ಧ ಖಾಲಿ ಸೀಟುಗಳೊಂದಿಗೆ ಮುಂದೆ ಹೋಯಿತು. ಆ ಹೊತ್ತಿಗೆ ತೀರ್ಮಾನ ಮಾಡಿದೆ ಅಂತ ಅವಳೇ ಮುಂದೆ ಬರೆದಿಟ್ಟಿದ್ದಾಳೆ.

ದೊಡ್ಡವರು ಸುಮ್ಮನೆ ಕೂತಿದ್ದರು ಅಂತಲ್ಲ. ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಮತ್ತು ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಪೋಷಕರು ಮತ್ತು ಶಿಕ್ಷಕರ ಸಂಘ ಕಟ್ಟಿಕೊಂಡು ತಿಂಗಳು ತಿಂಗಳು ಮಂಡಳಿಯ ಸಭೆಗೆ ಹೋಗುತ್ತಿದ್ದರು. ಜಾಗ ಹುಡುಕುತ್ತಿದ್ದೇವೆ, ನೋಡೋಣ ಅನ್ನೋದೇ ಉತ್ತರ. ಕೊನೆಗೆ, ನೀವು ಬರೋದು ಬೇಡ, ನಾವೇ ತಿಳಿಸುತ್ತೇವೆ ಅಂದರು. ತಿಳಿಸಲಿಲ್ಲ.

1951ರ ಏಪ್ರಿಲ್ 23

ಬಾರ್ಬರಾ ಹುಡುಕಿದ್ದು ಅಬ್ಬರದ ಹುಡುಗರನ್ನಲ್ಲ, ಶಾಲೆಯಲ್ಲಿ ಮಾತಿಗೆ ಬೆಲೆ ಇದ್ದವರನ್ನು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್, ಅವಳ ಸೋದರ ಜಾನ್ ಸ್ಟೋಕ್ಸ್, ಇನ್ನು ಕೆಲವರು. ಮೈದಾನದ ಮೆಟ್ಟಿಲುಗಳ ಮೇಲೆ ಕೂತು ಗುಟ್ಟಾಗಿ ಮಾತಾಡಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಡೀ ಚಳಿಗಾಲ ಗುಟ್ಟು ಹೊರಗೆ ಬೀಳಲಿಲ್ಲ. ಹದಿಹರೆಯದ ಮಕ್ಕಳ ವಿಷಯದಲ್ಲಿ ಇದನ್ನು ನಂಬೋದೇ ಕಷ್ಟ, ಅಲ್ವಾ?

ಆ ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಪ್ರಿನ್ಸಿಪಾಲರ ಕೋಣೆಗೆ ಫೋನು ಬಂತು. ನಿಮ್ಮ ಹುಡುಗರಿಬ್ಬರು ಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಬೇಗ ಬನ್ನಿ. ಫೋನು ಮಾಡಿದವನು ಅವರದೇ ಶಾಲೆಯ ಹುಡುಗ, ದನಿ ಮರೆಸಿಕೊಂಡಿದ್ದ. ಜೋನ್ಸ್ ಪೇಟೆ ಕಡೆ ಹೊರಟ ಕೂಡಲೇ ತರಗತಿ ತರಗತಿಗೆ ಚೀಟಿ ಹೋಯಿತು: ಅಸೆಂಬ್ಲಿ ಇದೆ, ಎಲ್ಲರೂ ಸಭಾಂಗಣಕ್ಕೆ ಬನ್ನಿ. ಕೆಳಗೆ ಪ್ರಿನ್ಸಿಪಾಲರು ಹಾಕುವ ಹಾಗೆಯೇ 'ಜೆ' ಅಕ್ಷರ. ಟೀಚರುಗಳಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಅಸೆಂಬ್ಲಿ ಅಂದರೆ ಅವತ್ತಿಗೂ ಹೀಗೇ ಚೀಟಿ ಬರುತ್ತಿತ್ತು, ಮಕ್ಕಳು ಸಾಲಾಗಿ ಹೋಗುತ್ತಿದ್ದರು.

ಪರದೆ ಸರಿದಾಗ ವೇದಿಕೆ ಮೇಲೆ ಪ್ರಿನ್ಸಿಪಾಲರಿಲ್ಲ. ಹನ್ನೊಂದನೇ ತರಗತಿಯ, 16 ವರ್ಷದ ಬಾರ್ಬರಾ ನಿಂತಿದ್ದಾಳೆ, ಹಿಂದೆ ಸಮಿತಿಯ ಹುಡುಗರು ಕೂತಿದ್ದಾರೆ. ಮೊದಲು ಅವಳು ಕೇಳಿದ್ದು ಟೀಚರುಗಳು ಹೊರಗೆ ಹೋಗಬೇಕು ಅಂತ. ಕೆಲವರು ಒಪ್ಪಲಿಲ್ಲ. ಅವಳು ಕಾಲಿನ ಶೂ ತೆಗೆದು ಬಡಿದು, ಇಲ್ಲಿಂದ ಹೊರಡಿ ಅಂದಳು. ಟೀಚರುಗಳನ್ನು ಹೊರಗಿಟ್ಟದ್ದು ಉಡಾಫೆಯಲ್ಲ, ಲೆಕ್ಕಾಚಾರ. ಅವರ ಕೆಲಸ ಮಂಡಳಿಯ ಕೈಯಲ್ಲಿತ್ತು. ಒಳಗೆ ಕೂತಿದ್ದರೆ ಮಾರನೇ ದಿನವೇ ಮನೆಗೆ. ಪ್ರಿನ್ಸಿಪಾಲರನ್ನು ಪೇಟೆಗೆ ಅಟ್ಟಿದ್ದರಿಂದಲೂ ಅದೇ ಅನುಕೂಲ: ನನಗೆ ಗೊತ್ತಿರಲಿಲ್ಲ ಅಂತ ಅವರು ನಿಜವಾಗಿಯೂ ಹೇಳಬಹುದಿತ್ತು. ಆದರೂ ಮಂಡಳಿ ಅವರನ್ನು ಉಳಿಸಲಿಲ್ಲ. ಕೆಲಸದಿಂದ ತೆಗೆದರು.

ಬಾರ್ಬರಾ ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ. ಷೆಡ್ಡು, ಸೋರುವ ಮಾಡು, ಹಳೇ ಬಸ್ಸು. ಹೊಸ ಕಟ್ಟಡದ ಮಾತು ಕೊಡುವ ತನಕ ತರಗತಿಗೆ ಹೋಗಬೇಡಿ, ಆದರೆ ಶಾಲೆಯ ಆವರಣ ಬಿಡಬೇಡಿ ಅಂದಳು. ಜೈಲಿಗೆ ಹಾಕಿದರೆ ಅಂತ ಯಾರೋ ಹೆದರಿದಾಗ, ಫಾರ್ಮ್‌ವಿಲ್‌ನ ಜೈಲಿನಲ್ಲಿ ನಮ್ಮನ್ನೆಲ್ಲ ಹಿಡಿಸುವಷ್ಟು ಜಾಗವೇ ಇಲ್ಲ ಅನ್ನೋ ಉತ್ತರ ಸಿಕ್ಕಿತು. ಅಷ್ಟು ಹೊತ್ತಿಗೆ ಜೋನ್ಸ್ ವಾಪಸ್ ಬಂದರು. ಮುಷ್ಕರ ಬೇಡ, ಮಂಡಳಿ ಜೊತೆ ಮಾತುಕತೆ ನಡೀತಾ ಇದೆ ಅಂತ ಬೇಡಿಕೊಂಡರು. ನೀವು ದಯವಿಟ್ಟು ನಿಮ್ಮ ಕೋಣೆಗೆ ಹೋಗಿ ಸರ್ ಅಂತ ಮಕ್ಕಳು ಅವರನ್ನು ಕಳಿಸಿದರು. ಫಲಕಗಳು ಆಗಲೇ ಸಿದ್ಧವಾಗಿದ್ದವು: ಹೊಸ ಶಾಲೆ ಕೊಡಿ, ಇಲ್ಲವೇ ಶಾಲೆಯೇ ಬೇಡ.

ಈ ಫಲಕದ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದರ ಎರಡನೇ ಅರ್ಧವನ್ನು ಕೌಂಟಿ ಅಕ್ಷರಶಃ ಜಾರಿಗೆ ತಂದಿತು.

ಬೇಡಿಕೆ ಬದಲಾಯಿತು

ಮಾರನೇ ದಿನ ಮಕ್ಕಳ ನಿಯೋಗ ಶಾಲೆಗಳ ಸೂಪರಿಂಟೆಂಡೆಂಟರನ್ನು ಕಂಡಿತು. ತರಗತಿಗೆ ಹೋಗಿ, ಆಮೇಲೆ ಮಾತು ಅನ್ನೋ ಧಾಟಿ ಅವರದ್ದು. ಅದಕ್ಕೂ ಮೊದಲೇ ಬಾರ್ಬರಾ ಮತ್ತು ಕ್ಯಾರಿ ರಿಚ್ಮಂಡಿನಲ್ಲಿದ್ದ ಎನ್‌ಎಎಸಿಪಿ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರಿಗೆ ಪತ್ರ ಬರೆದಿದ್ದರು. ಕಪ್ಪು ಜನರ ಹಕ್ಕುಗಳಿಗಾಗಿ ಕೋರ್ಟಿನಲ್ಲಿ ಹೋರಾಡುತ್ತಿದ್ದ ಸಂಸ್ಥೆ ಅದು. ಪತ್ರದ ಧಾಟಿ ವಿನಯದ್ದು. ನಿಮಗೆ ತೊಂದರೆ ಕೊಡಲು ಮನಸ್ಸಿಲ್ಲ, ಆದರೆ ನಮ್ಮ ಪರಿಸ್ಥಿತಿಯಲ್ಲಿ ಬೇರೆ ದಾರಿ ಕಾಣುತ್ತಿಲ್ಲ ಅನ್ನೋ ಅರ್ಥದ್ದು.

ವಕೀಲರು ಬಂದದ್ದು ಮಕ್ಕಳನ್ನು ಸಮಾಧಾನ ಮಾಡಿ ಶಾಲೆಗೆ ಕಳಿಸೋಣ ಅಂತ. ಏಪ್ರಿಲ್ 25ರಂದು ಗ್ರಿಫಿನ್ ಅವರ ಚರ್ಚಿನಲ್ಲಿ ಭೇಟಿಯಾಯಿತು. ಮಕ್ಕಳ ಶಿಸ್ತು ನೋಡಿ ಅವರ ಮನಸ್ಸು ಬದಲಾಯಿತು. ಆದರೆ ಒಂದು ಷರತ್ತು ಹಾಕಿದರು, ಇಡೀ ಪ್ರಕರಣದ ತಿರುವು ಅದೇ. ಎನ್‌ಎಎಸಿಪಿ ಆಗ ತಾನೇ ತನ್ನ ದಾರಿ ಬದಲಿಸಿತ್ತು. ಸಮನಾದ ಕಟ್ಟಡ ಕೊಡಿ ಅಂತ ಕೇಳುವ ಮೊಕದ್ದಮೆಗಳನ್ನು ಇನ್ನು ಹಾಕೋದಿಲ್ಲ, ಬೇರೆ ಬೇರೆ ಶಾಲೆ ಅನ್ನೋದೇ ತಪ್ಪು ಅಂತ ವಾದಿಸುತ್ತೇವೆ ಅನ್ನೋ ನಿಲುವು. ನೀವೂ ಅದಕ್ಕೆ ಒಪ್ಪಿದರೆ, ನಿಮ್ಮ ಅಪ್ಪ ಅಮ್ಮ ಜೊತೆಗೆ ನಿಂತರೆ, ನಾವು ಸಿದ್ಧ ಅಂದರು.

ಅಂದರೆ ಮಕ್ಕಳು ಕೇಳಿದ್ದು ಕಟ್ಟಡ. ಕೈಗೆ ಬಂದದ್ದು ಅದಕ್ಕಿಂತ ಎಷ್ಟೋ ದೊಡ್ಡ ಹೋರಾಟ. ಮಕ್ಕಳನ್ನು ವಕೀಲರು ಬಳಸಿಕೊಂಡರು ಅಂತ ಆಗಲೇ ಕೆಲವರು ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ಮೇ 3ರ ಸಭೆಯನ್ನು ನೋಡಿದರೆ ಈ ಪ್ರಶ್ನೆ ಮುಚ್ಚಿಟ್ಟು ಮುಂದೆ ಹೋಗಲಿಲ್ಲ ಅನ್ನೋದು ಗೊತ್ತಾಗುತ್ತದೆ. ಅವತ್ತು ಫಸ್ಟ್ ಬ್ಯಾಪ್ಟಿಸ್ಟ್ ಚರ್ಚು ಕಿಕ್ಕಿರಿದಿತ್ತು. ಇದೇ ಶಾಲೆಯ ಹಿಂದಿನ ಪ್ರಿನ್ಸಿಪಾಲರೊಬ್ಬರು ಎದ್ದು ನಿಂತರು. ಹೊಸ ಕಟ್ಟಡಕ್ಕೆ ಅಂತ ಬಂದೆ, ಈಗ ಒಟ್ಟಿಗೆ ಓದಿಸುವ ಮಾತು ಬಂದಿದೆ, ಅದು ಬೇರೆ ವಿಷಯ, ಯೋಚನೆ ಮಾಡಿ ಅಂದರು. ಸಭೆ ಅಲುಗಾಡಿತು. ಅದು ಹೆದರಿಕೆಯ ಮಾತಷ್ಟೇ ಆಗಿರಲಿಲ್ಲ. ಅಲ್ಲಿ ಕೂತವರಲ್ಲಿ ಬಿಳಿಯರ ಸಾಲದ ಮೇಲೆ, ಬಿಳಿಯರು ಕೊಡುವ ಕೂಲಿಯ ಮೇಲೆ ಬದುಕುವವರಿದ್ದರು. ಬಾರ್ಬರಾ ಎದ್ದು ಕಟುವಾಗಿಯೇ ಉತ್ತರ ಕೊಟ್ಟಳು. ಗ್ರಿಫಿನ್ ಅವಳ ಬೆನ್ನಿಗೆ ನಿಂತರು. ಸಭೆ ವಕೀಲರ ಷರತ್ತನ್ನು ಒಪ್ಪಿತು.

ಮೇ 7ಕ್ಕೆ ಮಕ್ಕಳು ತರಗತಿಗೆ ಮರಳಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ಮೊಕದ್ದಮೆ ದಾಖಲಾಯಿತು. ಪಟ್ಟಿಯಲ್ಲಿ ಮೊದಲಿದ್ದದ್ದು ಒಂಬತ್ತನೇ ತರಗತಿಯ ಡೊರೊಥಿ ಡೇವಿಸ್ ಹೆಸರು. ಹಾಗಾಗಿ ಪ್ರಕರಣಕ್ಕೆ ಅವಳದೇ ಹೆಸರು ಬಂತು, ಡೇವಿಸ್ ಪ್ರಕರಣ. ಬಾರ್ಬರಾ ಆ ಹೊತ್ತಿಗೆ ಊರು ಬಿಡಬೇಕಾಯಿತು. ಅವಳ ಜೀವಕ್ಕೆ ಹೆದರಿದ ಮನೆಯವರು ಅವಳನ್ನು ಮಾಂಟ್ಗೊಮರಿಗೆ, ದೊಡ್ಡಪ್ಪನ ಮನೆಗೆ ಕಳಿಸಿದರು. ಹೈಸ್ಕೂಲಿನ ಕೊನೇ ವರ್ಷ ಅವಳಿಗೆ ಮೋಟನ್‌ನಲ್ಲಿ ಸಿಗಲಿಲ್ಲ.

ಕೋರ್ಟಿನಲ್ಲಿ ಸೋಲು, ಊರಿನಲ್ಲಿ ಹೊಸ ಕಟ್ಟಡ

1952ರ ಫೆಬ್ರುವರಿ ಕೊನೆಯಲ್ಲಿ ರಿಚ್ಮಂಡಿನಲ್ಲಿ ವಿಚಾರಣೆ ನಡೆಯಿತು. ಬೇರ್ಪಡಿಸಿದ ಶಾಲೆಯಿಂದ ಮಕ್ಕಳ ಮನಸ್ಸಿಗೆ ಪೆಟ್ಟಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಸಾಕ್ಷಿ ಹೇಳಿದರು. ಅದಕ್ಕೆ ಎದುರು ಸಾಕ್ಷಿಯಾಗಿ ಕೌಂಟಿಯವರು ಕರೆಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ರಿ ಗ್ಯಾರೆಟ್ ಅವರನ್ನು. ಗ್ಯಾರೆಟ್ ಕ್ಲಾರ್ಕ್‌ಗೆ ಪಾಠ ಹೇಳಿದ ಗುರು! ರಾಜ್ಯದ ಪರ ನಿಂತಿದ್ದ ಅಟಾರ್ನಿ ಜನರಲ್ ಲಿಂಡ್ಸೆ ಆಲ್ಮಂಡ್. ಈ ಹೆಸರು ಮತ್ತೆ ಬರುತ್ತದೆ. ಮೂವರು ನ್ಯಾಯಾಧೀಶರ ಪೀಠ ಒಮ್ಮತದಿಂದ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ಬೇರ್ಪಡಿಸುವುದರಿಂದ ಯಾವ ಜನಾಂಗಕ್ಕೂ ಹಾನಿಯಾದದ್ದು ನಮಗೆ ಕಾಣಲಿಲ್ಲ ಅಂತ ಬರೆದರು. ಕಟ್ಟಡಗಳನ್ನು ಮಾತ್ರ ಸಮ ಮಾಡಿ ಅಂದರು.

ಸಮ ಮಾಡಿದರು ಕೂಡ. 8 ಲಕ್ಷ ಡಾಲರಿಗೂ ಹೆಚ್ಚು ಖರ್ಚಿನಲ್ಲಿ ಹೊಸ ಮೋಟನ್ ಹೈಸ್ಕೂಲು 1953ರಲ್ಲಿ ಬಾಗಿಲು ತೆರೆಯಿತು. ವರ್ಷಗಟ್ಟಲೆ ಸಿಗದ ಜಾಗ ಸಿಕ್ಕಿತು, ಇಲ್ಲದ ದುಡ್ಡು ಬಂತು. ಬೇರೆ ಬೇರೆ ಶಾಲೆಗಳನ್ನು ಉಳಿಸಿಕೊಳ್ಳಬೇಕಾದರೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾರೆ ಅನ್ನೋದು ಇದರಿಂದ ಗೊತ್ತಾಗುತ್ತದೆ. ಹಳೇ ಕಟ್ಟಡ ಚಿಕ್ಕ ಮಕ್ಕಳ ಶಾಲೆಯಾಯಿತು.

ಡೇವಿಸ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಇನ್ನೂ ನಾಲ್ಕರ ಜೊತೆ ಸೇರಿತು. ಕ್ಯಾನ್ಸಸ್, ದಕ್ಷಿಣ ಕ್ಯಾರೊಲಿನಾ, ಡೆಲವೇರ್, ವಾಷಿಂಗ್ಟನ್ ಡಿ.ಸಿ. ಐದರಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು ಇದೊಂದೇ. ಫಿರ್ಯಾದಿಗಳಲ್ಲಿ ಹೆಚ್ಚಿನವರು ಇದೊಂದೇ ಕೌಂಟಿಯವರು. 1954ರ ಮೇ 17ರಂದು ಸರ್ಕಾರಿ ಶಾಲೆಗಳಲ್ಲಿ ಜನಾಂಗದ ಆಧಾರದ ಮೇಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಿತು. ಮರುವರ್ಷ ಜಾರಿಯ ಆದೇಶದಲ್ಲಿ ಗಡುವು ಕೊಡುವ ಬದಲು 'ಯೋಚಿಸಿ ಇಡುವ ಹೆಜ್ಜೆಯ ವೇಗದಲ್ಲಿ' ಮಾಡಿ ಅನ್ನೋ ಅರ್ಥದ ಮಾತು ಸೇರಿಸಿತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ದೊಡ್ಡ ಹಾನಿ ಮಾಡಿದ ಸಾಲು ಇದು. ವೇಗ ಎಷ್ಟು ಅಂತ ತೀರ್ಮಾನಿಸುವ ಕೆಲಸ ವಿರೋಧಿಗಳ ಕೈಗೇ ಹೋಯಿತು.

ಬೀಗ

ವರ್ಜೀನಿಯಾದ ರಾಜಕೀಯ ಆಗ ಸೆನೆಟರ್ ಹ್ಯಾರಿ ಬರ್ಡ್ ಮುಷ್ಟಿಯಲ್ಲಿತ್ತು. ತೀರ್ಪನ್ನು ಎಲ್ಲ ಶಕ್ತಿಯಿಂದ ತಡೆಯಬೇಕು ಅಂತ ಅವರು ಕರೆ ಕೊಟ್ಟರು. 1956ರಲ್ಲಿ ರಾಜ್ಯದ ಶಾಸನಸಭೆ ಅದಕ್ಕೆ ಬೇಕಾದ ಕಾನೂನುಗಳನ್ನು ಮಾಡಿಕೊಟ್ಟಿತು. ಕೋರ್ಟಿನ ಆದೇಶದಂತೆ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಬೇಕಾದ ಬಿಳಿಯರ ಶಾಲೆಯನ್ನು ಮುಚ್ಚಿಸುವುದು ಅದರಲ್ಲಿ ಒಂದು. 1958ರಲ್ಲಿ ನಾರ್ಫೋಕ್, ಶಾರ್ಲಟ್ಸ್‌ವಿಲ್, ಫ್ರಂಟ್ ರಾಯಲ್‌ಗಳಲ್ಲಿ ಹಾಗೆ ಶಾಲೆ ಮುಚ್ಚಿಸಿದ ಗವರ್ನರ್ ಯಾರು ಗೊತ್ತಾ? ಅದೇ ಲಿಂಡ್ಸೆ ಆಲ್ಮಂಡ್. 1959ರ ಜನವರಿಯಲ್ಲಿ ರಾಜ್ಯದ ಕೋರ್ಟು, ಫೆಡರಲ್ ಕೋರ್ಟು ಎರಡೂ ಇದನ್ನು ಹೊಡೆದುಹಾಕಿದವು. ಅಲ್ಲಿನ ಶಾಲೆಗಳು ತೆರೆದವು.

ಪ್ರಿನ್ಸ್ ಎಡ್ವರ್ಡ್ ಬೇರೆ ದಾರಿ ಹಿಡಿಯಿತು. ಆ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಓದಿಸಲೇಬೇಕು ಅಂತ ಕೋರ್ಟು ಹೇಳಿದ ಮೇಲೆ, ಕೌಂಟಿಯ ಆಡಳಿತ 1959ರ ಜೂನ್‌ನಲ್ಲಿ ಶಾಲೆಗಳಿಗೆ ತೆರಿಗೆಯನ್ನೇ ಹಾಕದೆ ಬಿಟ್ಟಿತು. ಬೇರೆ ಆದೇಶವೇನೂ ಬೇಕಾಗಲಿಲ್ಲ. ದುಡ್ಡಿಲ್ಲ, ಶಾಲೆ ಇಲ್ಲ. ಇಡೀ ಕೌಂಟಿಯಲ್ಲಿ ಒಂದೂ ಸರ್ಕಾರಿ ಶಾಲೆ ನಡೆಯಲಿಲ್ಲ. ಇದು ಒಂದು ವರ್ಷವಲ್ಲ, ಐದು ವರ್ಷ.

ಬಿಳಿಯರಿಗೆ ಅಂತ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಅನ್ನೋ ಖಾಸಗಿ ಶಾಲೆ ಅದೇ ವರ್ಷ ಶುರುವಾಯಿತು. ಮೊದಲು ಚರ್ಚುಗಳಲ್ಲಿ, ಅಲ್ಲಿ ಇಲ್ಲಿ ತರಗತಿ. ಮುಂದೆ ಸರ್ಕಾರದ ಶುಲ್ಕ ಸಹಾಯಧನ, ತೆರಿಗೆ ರಿಯಾಯಿತಿ ಕೂಡ ಬಂತು. 1961ರಲ್ಲಿ ಕೋರ್ಟು ಅದನ್ನು ತಡೆಯಿತು. ಫೀಸು ಕಟ್ಟಲಾಗದ ಬಡ ಬಿಳಿಯರ ಕೆಲವು ಮಕ್ಕಳೂ ಮನೆಯಲ್ಲೇ ಉಳಿದರು. ಈ ವಿಷಯ ಯಾರೂ ಹೆಚ್ಚು ಹೇಳುವುದಿಲ್ಲ.

ಕಪ್ಪು ಮಕ್ಕಳು ಸುಮಾರು 1,700. ಹೈಸ್ಕೂಲಿನ ಕೊನೆಗೆ ಬಂದಿದ್ದ ಸುಮಾರು 60 ಮಂದಿಯನ್ನು ನಾರ್ತ್ ಕ್ಯಾರೊಲಿನಾದ ಕಿಟ್ರೆಲ್ ಕಾಲೇಜು ಸೇರಿಸಿಕೊಂಡಿತು. ಕ್ವೇಕರ್ ಪಂಥದವರ ಸೇವಾ ಸಂಸ್ಥೆಯೊಂದು ಕೆಲವರನ್ನು ಬೇರೆ ರಾಜ್ಯಗಳ ಮನೆಗಳಲ್ಲಿಟ್ಟು ಓದಿಸಿತು. ಪಕ್ಕದ ಕೌಂಟಿಯಲ್ಲಿ ನೆಂಟರಿದ್ದವರು ಅಲ್ಲಿಗೆ ಹೋದರು. ಉಳಿದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಅಕ್ಷರ, ಲೆಕ್ಕ. ತುಂಬಾ ಮಕ್ಕಳಿಗೆ ಅದೂ ಇಲ್ಲ, ಹೊಲದ ಕೆಲಸಕ್ಕೆ ಹೋದರು.

ಹೈಸ್ಕೂಲು ಮುಚ್ಚಿದರೆ ಏನೇನು ಹೋಗುತ್ತದೆ ಅನ್ನೋದನ್ನು ಪಾಠದ ಲೆಕ್ಕದಲ್ಲಿ ಮಾತ್ರ ಹಿಡಿಯಲಾಗುವುದಿಲ್ಲ. ಗಾಯನ ತಂಡ ಹೋಯಿತು. ವಿದ್ಯಾರ್ಥಿ ಸಂಘ ಹೋಯಿತು. ಪದವಿ ಪ್ರದಾನ ಹೋಯಿತು. ಬೇರೆ ಬೇರೆ ಹಳ್ಳಿಯ ಮಕ್ಕಳು ದಿನಾ ಒಂದು ಕಡೆ ಸೇರುವುದೇ ನಿಂತುಹೋಯಿತು. 1951ರಲ್ಲಿ ಆ 450 ಮಕ್ಕಳನ್ನು ಅರ್ಧ ಗಂಟೆಯಲ್ಲಿ ಒಂದೇ ಹಾಲಿನಲ್ಲಿ ಕೂಡಿಸಿದ್ದು ಒಂದು ಚೀಟಿ. 1959ರಲ್ಲಿ ಚೀಟಿ ಕಳಿಸಲು ತರಗತಿಯೇ ಇರಲಿಲ್ಲ. ಮುಷ್ಕರದಲ್ಲಿ ಫಲಕ ಹಿಡಿದವರು ಈ ಹೊತ್ತಿಗೆ ಹೈಸ್ಕೂಲು ಮುಗಿಸಿದ್ದರು. ಬೆಲೆ ತೆತ್ತವರು ಅವರ ತಮ್ಮ ತಂಗಿಯರು, ಆ ದಿನ ಸಭಾಂಗಣದಲ್ಲಿ ಇರದೇ ಇದ್ದವರು. ಮುಷ್ಕರವನ್ನು ಕೊಂಡಾಡುವ ಬರಹಗಳು ಇಲ್ಲಿ ಬೇಗ ಬೇಗ ಪುಟ ತಿರುವುತ್ತವೆ. ತಪ್ಪು ಮುಷ್ಕರದ್ದಲ್ಲ, ಬೀಗ ಹಾಕಿದವರದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಐದು ವರ್ಷ ಬಿಟ್ಟರೆ ಪ್ರಕರಣ ಪೂರ್ತಿ ಆಗುವುದಿಲ್ಲ.

1963ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಒಂದು ಭಾಷಣದಲ್ಲಿ, ಉಚಿತ ಸರ್ಕಾರಿ ಶಿಕ್ಷಣ ಕೊಡದ ಜಾಗಗಳ ಪಟ್ಟಿ ಓದಿದರು. ಕಮ್ಯುನಿಸ್ಟ್ ಚೀನಾ, ಉತ್ತರ ವಿಯೆಟ್ನಾಂ ಅಂತ ಶುರುವಾದ ಪಟ್ಟಿ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂತ ಮುಗಿಯಿತು. ಆ ಬೇಸಿಗೆಯಲ್ಲಿ ಫಾರ್ಮ್‌ವಿಲ್‌ನ ಬೀದಿಯಲ್ಲಿ ಹದಿಹರೆಯದವರು ಮತ್ತೆ ಫಲಕ ಹಿಡಿದರು. ಸೆಪ್ಟೆಂಬರಿನಲ್ಲಿ ದೇಣಿಗೆ ದುಡ್ಡಿನಿಂದ 'ಫ್ರೀ ಸ್ಕೂಲ್' ಅನ್ನೋ ತಾತ್ಕಾಲಿಕ ವ್ಯವಸ್ಥೆ ಶುರುವಾಯಿತು. ಮುಖ್ಯಸ್ಥರು ನೀಲ್ ಸಲ್ಲಿವನ್. ಮುಚ್ಚಿದ್ದ ಸರ್ಕಾರಿ ಕಟ್ಟಡಗಳನ್ನೇ ಪಡೆದು ನಡೆಸಿದರು. ಅಲ್ಲಿ ವಯಸ್ಸಿಗೆ ತಕ್ಕ ತರಗತಿ ಅಂತ ಮಾಡುವ ಹಾಗಿರಲಿಲ್ಲ. ಹತ್ತು ವರ್ಷದ ಮಗು ಶಾಲೆಯ ಮುಖವನ್ನೇ ನೋಡಿಲ್ಲ ಅಂದರೆ ಯಾವ ತರಗತಿಗೆ ಹಾಕೋದು? ಹಾಗಾಗಿ ಎಷ್ಟು ಬರುತ್ತದೋ ಅಲ್ಲಿಂದ ಶುರು ಅಂತ ತರಗತಿಗಳ ಗೋಡೆ ತೆಗೆದು ಗುಂಪು ಮಾಡಿಕೊಂಡರು. ಬೆರಳೆಣಿಕೆಯ ಬಿಳಿಯ ಮಕ್ಕಳೂ ಬಂದರು.

1964ರ ಮೇ 25ರಂದು ಸುಪ್ರೀಂ ಕೋರ್ಟು ಗ್ರಿಫಿನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಈ ಸಲ ಹೆಸರು ಬಂದದ್ದು ಪಾದ್ರಿ ಗ್ರಿಫಿನ್ ಅವರ ಮಕ್ಕಳಿಂದ. ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ಯೋಚಿಸಿ ಹೆಜ್ಜೆ ಇಡುವ ಕಾಲ ಮುಗಿಯಿತು ಅಂದರು. ತೆರಿಗೆ ಹಾಕಿ ಶಾಲೆ ತೆರೆಯಿರಿ ಅಂತ ಆದೇಶಿಸುವ ಅಧಿಕಾರ ಕೆಳಗಿನ ಕೋರ್ಟಿಗೆ ಇದೆ ಅಂದರು. ಸೆಪ್ಟೆಂಬರಿನಲ್ಲಿ ಬೀಗ ತೆಗೆಯಿತು. ಬಿಳಿಯರಲ್ಲಿ ಬಹುಪಾಲು ಅಕಾಡೆಮಿಯಲ್ಲೇ ಉಳಿದರು. ಹೊಸ ಮೋಟನ್ ಕಟ್ಟಡ ಮುಂದೆ ಪ್ರಿನ್ಸ್ ಎಡ್ವರ್ಡ್ ಕೌಂಟಿ ಹೈಸ್ಕೂಲು ಅಂತ ಹೆಸರು ಬದಲಿಸಿಕೊಂಡಿತು. ಅಕಾಡೆಮಿ ಕಪ್ಪು ಮಕ್ಕಳನ್ನು ಸೇರಿಸಿಕೊಂಡದ್ದು 1980ರ ದಶಕದಲ್ಲಿ, ತೆರಿಗೆ ವಿನಾಯಿತಿ ಕಳೆದುಕೊಂಡ ಮೇಲೆ.

ಆಮೇಲಿನ ಲೆಕ್ಕ

ಬಾರ್ಬರಾ ಗ್ರಂಥಪಾಲಕಿಯಾದಳು. ಫಿಲಡೆಲ್ಫಿಯಾದಲ್ಲಿ ಕೆಲಸ, ಪಾದ್ರಿಯೊಬ್ಬರ ಜೊತೆ ಮದುವೆ, ಐದು ಮಕ್ಕಳು. 1991ರಲ್ಲಿ ತೀರಿಕೊಂಡಳು. ಬದುಕಿದ್ದಾಗ ಅವಳ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಗೌರವಗಳೆಲ್ಲ ಆಮೇಲೆ ಬಂದವು. ಹಳೇ ಕಟ್ಟಡ 1998ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು, 2001ರಲ್ಲಿ ಮ್ಯೂಸಿಯಂ. 2020ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಿಂದ ಜನರಲ್ ರಾಬರ್ಟ್ ಲೀ ಪ್ರತಿಮೆಯನ್ನು ತೆಗೆದರು; ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ಅವರು. ಆ ಜಾಗಕ್ಕೆ ವರ್ಜೀನಿಯಾ ಆರಿಸಿದ್ದು ಬಾರ್ಬರಾ ಜಾನ್ಸ್ ಪ್ರತಿಮೆಯನ್ನು.

ಪ್ರತಿಮೆಗಿಂತ ನನಗೆ ಮುಖ್ಯ ಅನ್ನಿಸುವುದು ಬೀಗದ ಹೊರಗೆ ಉಳಿದವರಿಗೆ ಏನು ಸಿಕ್ಕಿತು ಅನ್ನೋದು. 2003ರಲ್ಲಿ ಕೌಂಟಿ ಅವರಿಗೆ ಗೌರವ ಡಿಪ್ಲೊಮಾ ಕೊಟ್ಟಿತು. ಗೌರವ ಸರಿ, ಅದನ್ನು ತೋರಿಸಿ ಕೆಲಸ ಕೇಳೋಕಾಗುವುದಿಲ್ಲ. 2004ರಲ್ಲಿ ರಾಜ್ಯ ಒಂದು ವಿದ್ಯಾರ್ಥಿವೇತನ ನಿಧಿ ಮಾಡಿತು. ರಾಜ್ಯದಿಂದ 10 ಲಕ್ಷ ಡಾಲರ್, ಉದ್ಯಮಿ ಜಾನ್ ಕ್ಲೂಗಿ ಅವರಿಂದ ಇನ್ನು 10 ಲಕ್ಷ. ಶಾಲೆ ಮುಚ್ಚಿದ್ದರಿಂದ ಓದು ನಿಂತವರು ಹೈಸ್ಕೂಲಿಗೆ ಸಮನಾದ ಪರೀಕ್ಷೆಯಿಂದ ಹಿಡಿದು ಪದವಿಯವರೆಗೆ ಇದರಲ್ಲಿ ಓದಬಹುದಿತ್ತು. ಆಗ ಅವರಲ್ಲಿ ಬಹುಪಾಲು ಐವತ್ತು ದಾಟಿದವರು. ನಿಧಿಗೆ ಮತ ಹಾಕಿದ್ದು 1956ರಲ್ಲಿ ಶಾಲೆ ಮುಚ್ಚುವ ಕಾನೂನುಗಳಿಗೆ ಮತ ಹಾಕಿದ ಅದೇ ಶಾಸನಸಭೆ.